ಅಡುಗೆಮನೆಯ ಎರಡನೇ ಗಡಿಯಾರ

ಪ್ರೀತಿಯ ಮಗಳೇ,

ಮೊದಲು ಗಡಿಯಾರದ ವಿಷಯ ಹೇಳಿ ಮುಗಿಸುತ್ತೇನೆ.

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ನಿನ್ನ ಊರಿನ ಗಡಿಯಾರ ಉಂಟಲ್ಲ, ನೀನು ಜರ್ಮನಿಯ ಸ್ಟಟ್‌ಗಾರ್ಟಿಗೆ ಹೋದ ವರ್ಷ ಅಪ್ಪ ತಂದು ಹಾಕಿದ್ದು, ಅದು ಆ ದಿನ ತಪ್ಪು ತೋರಿಸುತ್ತಿತ್ತು. ಅಕ್ಟೋಬರಿನ ಕೊನೆಯ ಭಾನುವಾರ ನಿಮ್ಮಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ವರ್ಷ ಸ್ಟೂಲ್ ಹತ್ತಿ ತಿರುಗಿಸುವವಳೇ ನಾನು. ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಈ ಸಲ ಮರೆತೆ. ಸೋಮವಾರ ನಾನು ಫೋನ್ ಮಾಡಿದಾಗ ಅದರಲ್ಲಿ ಏಳು ಗಂಟೆ ಆಗಿತ್ತು. ನಿನ್ನ ಕೋಣೆಯಲ್ಲಿ ಆರು. ಮಗುವಿಗಾಗಿ ಮಾಡಿಸಿದ ಎರಡನೇ ಸಲದ ಐವಿಎಫ್ ಚಿಕಿತ್ಸೆ ಕೂಡ ಆಗಲಿಲ್ಲ ಎಂದು ತಿಳಿದು, ರಾತ್ರಿಯೆಲ್ಲ ಅತ್ತು, ನಾಲ್ಕು ಗಂಟೆಗೆ ನಿದ್ದೆ ಹೋದವಳನ್ನು ನಾನು ಆರಕ್ಕೆ ಎಬ್ಬಿಸಿದೆ.

ಎಬ್ಬಿಸಿ ಹೇಳಿದ್ದೇನು? "ದೇವರ ಸಮಯಕ್ಕೆ ಕಾಯಬೇಕು ಮಗಾ."

ನೀನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದೆ: "ನಿನಗೆ ನಾನು ಸಿಕ್ಕಿದೆ ಅಮ್ಮ. ಹಾಗಾಗಿ ನಿನಗೆ ಹೇಳಲಿಕ್ಕೆ ಸುಲಭ. ನನಗೆ ಯಾರೂ ಸಿಗದಿದ್ದರೆ?" ಅಷ್ಟು ಹೇಳಿ ಇಟ್ಟುಬಿಟ್ಟೆ.

ಅಪ್ಪ ಪೇಪರ್ ಓದುತ್ತಿದ್ದರು. "ಎಂತ ಹೇಳಿದಳು?" ಎಂದು ಕೇಳಿದರು. "ನೆಟ್‌ವರ್ಕ್ ಇಲ್ಲ" ಎಂದು ಸುಳ್ಳು ಹೇಳಿದೆ.

ನಿನ್ನ ಪ್ರಶ್ನೆಗೆ ಉತ್ತರ ಫೋನಿನಲ್ಲಿ ಬರುವುದಿಲ್ಲ. ಬರೆದರೂ ಬರುತ್ತದೋ ಇಲ್ಲವೋ. ಆದರೆ ಒಂದು ವಾರ ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದೇನೆ, ಅದನ್ನಾದರೂ ಹೇಳುತ್ತೇನೆ.

ದೇವರು ನನಗೆ ಮಾಡಿದ್ದನ್ನು ಎದ್ದು ನಿಂತು ಹೇಳುವ ನನ್ನ ಸಾಕ್ಷಿ ನೀನು ಎಷ್ಟು ಸಲ ಕೇಳಿದ್ದೀಯ? ಎಂಟು ವರ್ಷ ಮಕ್ಕಳಿಲ್ಲ, ಬೈಬಲಿನ ಹನ್ನಳ ಹಾಗೆ ಮಗುವಿಗಾಗಿ ಅತ್ತೆ, ದೇವರು ಕೇಳಿದ, 1992ರಲ್ಲಿ ನೀನು ಹುಟ್ಟಿದೆ. ಸ್ತ್ರೀಯರ ಕೂಟದಲ್ಲಿ ಕಡಿಮೆ ಅಂದರೆ ಹತ್ತು ಸಲ ಹೇಳಿರಬೇಕು. ಪ್ರತಿ ಸಲ ಕೊನೆಯಲ್ಲಿ ಎಲ್ಲರೂ "ಸ್ತೋತ್ರ" ಅನ್ನುತ್ತಾರೆ, ಒಬ್ಬಿಬ್ಬರು ಕಣ್ಣು ಒರೆಸಿಕೊಳ್ಳುತ್ತಾರೆ, ಆಮೇಲೆ ಚಹಾ.

ಎರಡನೇ ಸಾಲಿನಲ್ಲಿ ಯಾವಾಗಲೂ ಕೂರುವ ಒಬ್ಬ ಆಂಟಿ ನಿನಗೆ ನೆನಪುಂಟಲ್ಲ, ನಿನಗೆ ಕ್ರಿಸ್ಮಸ್ ನಾಟಕಕ್ಕೆ ದೇವದೂತೆಯ ರೆಕ್ಕೆ ಹೊಲಿದುಕೊಟ್ಟವರು. ಅವರಿಗೆ ಮಕ್ಕಳಿಲ್ಲ. ಇಷ್ಟು ವರ್ಷ ಅವರ ಎದುರಿಗೇ ನಿಂತು ನಾನು ಸಾಕ್ಷಿ ಹೇಳಿದ್ದೇನೆ. ಅದು ಅವರ ಕಿವಿಗೆ ಹೇಗೆ ಬೀಳುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ನೀನು ಫೋನ್ ಇಟ್ಟ ಮೇಲೆ ಯೋಚಿಸಿದೆ. ಗುರುವಾರ ಅವರ ಮನೆಗೆ ಹೋದೆ. ಸುಮ್ನೆ ಬಂದೆ ಅಂದೆ. ಕೂತು, ಹಲಸಿನ ಹಪ್ಪಳ ತಿಂದು, ಕೊನೆಗೆ ಕೇಳಿಯೇಬಿಟ್ಟೆ: "ನಾನು ಸಾಕ್ಷಿ ಹೇಳುವಾಗ ನಿಮಗೆ ಬೇಜಾರಾಗುತ್ತಿತ್ತಾ?"

ಅವರು ನಕ್ಕರು. "ಇಲ್ಲಪ್ಪ, ನೀವು ಎದ್ದು ನಿಂತ ಕೂಡಲೇ ನಾನು ಲೋಟ ತೊಳೆಯಲಿಕ್ಕೆ ಹಿಂದೆ ಹೋಗುತ್ತಿದ್ದೆ" ಅಂದರು.

ಲೋಟ ತೊಳೆಯಲಿಕ್ಕೆ! ಚಹಾ ಇನ್ನೂ ಆಗಿರುತ್ತಿರಲಿಲ್ಲ ಮಗಾ. ತೊಳೆದಿಟ್ಟ ಲೋಟಗಳನ್ನೇ ಅವರು ಮತ್ತೆ ತೊಳೆಯುತ್ತಿದ್ದರು.

ಆ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ನನ್ನ ಸಾಕ್ಷಿಯಲ್ಲಿ ಯಾವಾಗಲೂ ಬಿಟ್ಟುಹೋಗುವ ಭಾಗ ಒಂದುಂಟು. ನಿನಗೂ ಹೇಳಿಲ್ಲ. ಅಪ್ಪನಿಗೆ ಗೊತ್ತು.

ಮದುವೆಯಾಗಿ ಐದನೇ ವರ್ಷ ಒಬ್ಬರು ಪ್ರಾರ್ಥನೆಯವರು ಬಂದಿದ್ದರು. ನಮ್ಮ ಸಭೆಯವರಲ್ಲ, ಊರೂರು ತಿರುಗುವವರು. ಹೆಸರು ಬೇಡ, ಈಗ ಅವರು ಇಲ್ಲ. ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, "ಬರುವ ಈಸ್ಟರಿನ ಒಳಗೆ ನಿನ್ನ ಮಡಿಲು ತುಂಬುತ್ತದೆ, ಆದರೆ ಔಷಧಿಯ ಮೇಲೆ ಇಟ್ಟ ನಂಬಿಕೆ ತೆಗೆದು ಹಾಕು" ಅಂದರು. ನನಗೆ ಆಗ ಥೈರಾಯ್ಡ್ ಕಡಿಮೆ ಇತ್ತು, ಮಾತ್ರೆ ಶುರು ಮಾಡಿ ವರ್ಷವೂ ಆಗಿರಲಿಲ್ಲ. ಮನೆಗೆ ಬಂದು ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದೆ. ಅಪ್ಪ ತೆಗೆದು ಮೇಜಿನ ಮೇಲಿಟ್ಟರು. ನಾನು ಮತ್ತೆ ಹಾಕಿದೆ.

ನಾಲ್ಕು ತಿಂಗಳಲ್ಲಿ ಮುಖ ಊದಿತು, ಕೂದಲು ಉದುರಿತು, ಮೆಟ್ಟಿಲು ಹತ್ತಲಿಕ್ಕೆ ಆಗುತ್ತಿರಲಿಲ್ಲ. ಈಸ್ಟರ್ ಬಂತು, ಹೋಯಿತು. ಅವರಿಗೆ ಕಾಗದ ಬರೆದೆ. ಉತ್ತರ ಬಂತು, ಒಂದೇ ಸಾಲು: ನಿನ್ನ ನಂಬಿಕೆಯಲ್ಲಿ ಕೊರತೆ ಉಂಟು. ಡಾಕ್ಟರಮ್ಮ ಬೈದ ಬೈಗುಳ ಮಾತ್ರ ಪುಟಗಟ್ಟಲೆ. ಥೈರಾಯ್ಡ್ ಕಡಿಮೆ ಇದ್ದರೆ ಗರ್ಭ ನಿಲ್ಲುವುದೇ ಕಷ್ಟ, ನಿನಗೆ ಬೇಕಾದ್ದಕ್ಕೆ ನೀನೇ ಅಡ್ಡ ಕೂತಿದ್ದೀಯ ಅಂದರು. ನರ್ಸ್ ಆದ ನಿನಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮತ್ತೆ ಮಾತ್ರೆ ಶುರು ಮಾಡಿದೆ. ಆಮೇಲೂ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಮಾತ್ರೆಯಿಂದ ಹುಟ್ಟಿದ್ದೋ ಪ್ರಾರ್ಥನೆಯಿಂದಲೋ ಎಂದು ನಿನ್ನ ಅತ್ತಿಗೆ ಒಮ್ಮೆ ತಮಾಷೆ ಮಾಡಿದ್ದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವಾಗಲೇ ನಾನು ಪ್ರಾರ್ಥನೆ ಮಾಡುತ್ತಿದ್ದದ್ದು. ಯಾವುದರದ್ದು ಎಷ್ಟು ಪಾಲು ಎಂದು ಲೆಕ್ಕ ಇಟ್ಟಿಲ್ಲ.

ಇದನ್ನು ಈಗ ಯಾಕೆ ಹೇಳಿದೆ ಅಂದರೆ, ನಿನಗೆ ಮೊನ್ನೆ ಯಾರೋ ವಾಟ್ಸಾಪ್‌ನಲ್ಲಿ "ಐವಿಎಫ್ ಅಂದರೆ ದೇವರ ಕೈಯಿಂದ ಕಿತ್ತುಕೊಂಡ ಹಾಗೆ, ಸಾರಳು ಹಾಗರಳನ್ನು ಕೊಟ್ಟ ಹಾಗೆ" ಎಂದು ಕಳಿಸಿದರಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮಕ್ಕಳಿಲ್ಲದ ಸಾರಳು ತನ್ನ ದಾಸಿ ಹಾಗರಳನ್ನು ಗಂಡ ಅಬ್ರಹಾಮನಿಗೆ ಕೊಟ್ಟ ಆ ಆದಿಕಾಂಡ ಹದಿನಾರನೇ ಅಧ್ಯಾಯ ಮತ್ತೆ ಓದಿದೆ. ಅಲ್ಲಿ ತಪ್ಪು ಚಿಕಿತ್ಸೆ ಮಾಡಿಸಿದ್ದಲ್ಲ. ತಮ್ಮ ಅವಸರಕ್ಕೆ ಇನ್ನೊಬ್ಬಳ ಮೈಯನ್ನು ಬಳಸಿದ್ದು, ಆಮೇಲೆ ಅವಳನ್ನೇ ಕಾಟ ಕೊಟ್ಟು ಓಡಿಸಿದ್ದು. ಹಾಗರಳಿಗೆ ಮಗ ಹುಟ್ಟುವಾಗ ಅಬ್ರಹಾಮನಿಗೆ 86 ವರ್ಷ. ಸಾರಳಿಗೆ ಇಸಾಕ ಹುಟ್ಟುವಾಗ 100. ಈ ಹದಿನಾಲ್ಕು ವರ್ಷದ ಬಗ್ಗೆ ಎಲ್ಲರೂ ಪ್ರಸಂಗ ಮಾಡುತ್ತಾರೆ. ಆದರೆ ಅಡವಿಯಲ್ಲಿ ಬುಗ್ಗೆಯ ಹತ್ತಿರ ಕೂತ ಹಾಗರಳನ್ನು ಹುಡುಕಿಕೊಂಡು ಹೋದದ್ದು ದೇವರ ದೂತ. ನನ್ನನ್ನು ನೋಡುವ ದೇವರು ಎಂದು ಅವನಿಗೆ ಹೆಸರಿಟ್ಟವಳು ಅವಳೇ. ವಾಗ್ದಾನ ಇದ್ದದ್ದು ಸಾರಳಿಗೆ, ಆದರೂ ಅಡವಿಗೆ ಹೋಗಿ ಹಾಗರಳನ್ನೂ ನೋಡಿದ. ನಾನು ಗಡಿ ಹಾಕಿದ ಈಸ್ಟರಿನಲ್ಲಿ ಯಾರೂ ಸಿಕ್ಕಲಿಲ್ಲ ನಿಜ. ಆದರೆ ದೇವರ ಹೆಸರಿನಲ್ಲಿ ತಾರೀಕು ಕೊಡುವವರನ್ನು ನಂಬಬಾರದು ಎಂಬುದು ಗೊತ್ತಾಯಿತು. ಅಲ್ಲಿಯ ವಿಮೆಯವರು ಮೂರು ಸಲದವರೆಗೆ ಅರ್ಧ ಖರ್ಚು ಕೊಡುತ್ತಾರೆ ಎಂದಿದ್ದೆಯಲ್ಲ. ಮೂರನೇ ಸಲ ಮಾಡಿಸುವುದೋ ಬೇಡವೋ ನೀವಿಬ್ಬರು ಕೂತು ಯೋಚಿಸಿ. ಬೇಡ ಅನಿಸಿದರೆ ಅದೂ ಸೋಲಲ್ಲ.

ನನ್ನ ಅಪ್ಪ, ನಿನ್ನ ಅಜ್ಜ, ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದದ್ದು ನಿನಗೆ ಗೊತ್ತು. ಸುವಾರ್ತೆ ಸಾರಲಿಕ್ಕೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚು ಮಾಡಲಿಕ್ಕೆ ಶುರು ಮಾಡಿದ ಮೇಲೆ ನಮ್ಮ ಕಡೆ ಎಷ್ಟು ಮನೆಗಳ ಒಲೆ ಅದರಿಂದಲೇ ಉರಿಯಿತು! ನಾನು ಒಂಬತ್ತು ಹತ್ತು ವರ್ಷದವಳಿರುವಾಗ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಅಚ್ಚಿನಿಂದ ತೆಗೆದ ಹಸಿ ಹೆಂಚುಗಳನ್ನು ಮರದ ಅಟ್ಟಣಿಗೆಯಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ಅಜ್ಜ ಬೆರಳಿನ ಗೆಣ್ಣಿನಿಂದ ಒಂದೊಂದನ್ನು ತಟ್ಟಿ ಕಿವಿ ಕೊಡುತ್ತಿದ್ದರು. ಒಣಗಿದ್ದರೆ ಟಣ್ ಅನ್ನುತ್ತದೆ, ಒಳಗೆ ಹಸಿ ಇದ್ದರೆ ದಬ್. ಹಸಿಯದ್ದನ್ನು ಭಟ್ಟಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಅದು ಒಡೆಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. "ಒಣಗಲಿಕ್ಕೆ ಎಷ್ಟು ದಿನ ಬೇಕು?" ಎಂದು ಕೇಳಿದ್ದೆ. ಜೂನ್ ತಿಂಗಳು, ಹೊರಗೆ ಧೋ ಎಂದು ಮಳೆ. "ನನ್ನನ್ನು ಕೇಳಬೇಡ, ಮಳೆಯನ್ನು ಕೇಳು" ಅಂದರು.

ಇದನ್ನು ಕೂಟದಲ್ಲಿ ಹೇಳಿದರೆ ಎಲ್ಲರಿಗೂ ಇಷ್ಟವಾಗುತ್ತದೆ. ನಿನಗೆ ಹೇಳಲಿಕ್ಕೆ ಹೊರಟು ಪೆನ್ನು ನಿಂತಿತು. ನೀನು ಹೆಂಚಲ್ಲ. ಹೆಂಚಿಗೆ ನೋವಾಗುವುದಿಲ್ಲ. ತಿಂಗಳು ತಿಂಗಳು ಇಂಜೆಕ್ಷನ್ ಚುಚ್ಚಿಕೊಂಡು, ಆಸ್ಪತ್ರೆಯಿಂದ ಬರುವ ಫೋನಿಗೆ ಕೈ ನಡುಗಿಸಿಕೊಂಡು ಹೆಂಚು ಕಾಯುವುದಿಲ್ಲ. ದೇವರು ನಿನ್ನನ್ನು ಒಣಗಿಸುತ್ತಿದ್ದಾನೆ, ಪಕ್ವ ಮಾಡುತ್ತಿದ್ದಾನೆ ಎಂದು ನಾನು ಹೇಳಲಾರೆ. ನನಗೆ ಗೊತ್ತಿಲ್ಲ. ಯೋಸೇಫನ ಕಥೆಯಲ್ಲೂ ಇದೇ ಆಗುತ್ತದೆ. ಹದಿನೇಳರಲ್ಲಿ ಅಣ್ಣಂದಿರು ಮಾರಿದರು, ಮೂವತ್ತರಲ್ಲಿ ಫರೋಹನ ಮುಂದೆ ನಿಂತ. ನಡುವಿನ ಹದಿಮೂರು ವರ್ಷ ಪುಲ್ಪಿಟ್ಟಿನಲ್ಲಿ ಮೂರು ನಿಮಿಷಕ್ಕೆ ಮುಗಿಯುತ್ತದೆ. ಸೆರೆಯಿಂದ ಹೊರಗೆ ಹೋದ ಅರಸನ ಪಾನದಾಯಕ ಅವನನ್ನು ಮರೆತ ಮೇಲೆ ಪೂರ್ತಿ ಎರಡು ವರ್ಷ ಸೆರೆಯಲ್ಲೇ ಇದ್ದ. ಆ ಎರಡು ವರ್ಷದಲ್ಲಿ ಒಂದು ಮಂಗಳವಾರ ಸಾಯಂಕಾಲ ಅವನಿಗೆ ಹೇಗನಿಸಿತು ಎಂದು ಯಾರೂ ಹೇಳುವುದಿಲ್ಲ. ನನಗೆ ಈಗ ಕೇಳಬೇಕೆನಿಸುವುದು ಅದೊಂದೇ.

ಉತ್ತರ ಸಿಗದ ಪ್ರಾರ್ಥನೆ ನನ್ನಲ್ಲಿಯೂ ಉಂಟು. ನಿನ್ನ ಮಾವ. ನನ್ನ ತಮ್ಮ. ಕುಡಿತ ಬಿಡಲಿ ಎಂದು ಹನ್ನೊಂದು ವರ್ಷ ಪ್ರಾರ್ಥನೆ ಮಾಡಿದೆ, ಉಪವಾಸ ಮಾಡಿದೆ. ನೀನು ಹುಟ್ಟಿದಾಗ ಅದೇ ದೇವರು ಇದನ್ನೂ ಮಾಡುತ್ತಾನೆ ಎಂದು ಬಲವಾಗಿ ನಂಬಿದ್ದೆ. ಲಿವರ್ ಹೋಗಿ ನಲವತ್ತೊಂದರಲ್ಲಿ ತೀರಿಕೊಂಡ. ನೀನು ಏಳನೇ ಕ್ಲಾಸು. ಸಮಾಧಿಯಿಂದ ಬಂದ ರಾತ್ರಿ ನಾನು ಬೈಬಲ್ ತೆರೆಯಲಿಲ್ಲ. ಆರು ತಿಂಗಳು ತೆರೆಯಲಿಲ್ಲ. ಭಾನುವಾರ ಚರ್ಚಿಗೆ ಬರುತ್ತಿದ್ದೆ, ತೆರೆದ ಹಾಗೆ ಮಾಡುತ್ತಿದ್ದೆ. ನಿನಗೆ ಗೊತ್ತಾಗಿರಲಿಕ್ಕಿಲ್ಲ.

ಮತ್ತೆ ತೆರೆದದ್ದು ಯೋಹಾನ ಹನ್ನೊಂದು. ಮಾರ್ಥಳ ಮಾತಿಗಾಗಿ. ಕರ್ತನೇ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಅಷ್ಟು ನೇರವಾಗಿ ಯೇಸುವಿನ ಮುಖಕ್ಕೆ ಹೇಳಿದಳಲ್ಲ ಎಂದು ನನಗೆ ಅವಳ ಮೇಲೆ ಪ್ರೀತಿ ಬಂತು. ಆ ಅಧ್ಯಾಯದಲ್ಲಿ ವಿಚಿತ್ರವಾದ ಒಂದು ಮಾತುಂಟು, ನೋಡು. ಯೇಸು ಅವರನ್ನು ಪ್ರೀತಿಸಿದನು ಎಂದು ಹೇಳಿ, ಅದರ ಬೆನ್ನಿಗೇ, ಮಾರ್ಥಳ ತಮ್ಮ ಲಾಜರನಿಗೆ ಹುಷಾರಿಲ್ಲ ಎಂದು ಕೇಳಿದ ಮೇಲೂ ಇದ್ದಲ್ಲೇ ಎರಡು ದಿನ ನಿಂತನು ಅನ್ನುತ್ತದೆ. ಪ್ರೀತಿಸಿದ, ಆದರೂ ತಡಮಾಡಿದ ಎಂದು ನಾನಾದರೆ ಬರೆಯುತ್ತಿದ್ದೆ. ಅಲ್ಲಿ "ಆದರೂ" ಇಲ್ಲ. ಇಪ್ಪತ್ತು ವರ್ಷದಿಂದ ಆ ಸಾಲಿನ ಎದುರು ಕೂತಿದ್ದೇನೆ, ಪೂರ್ತಿ ಅರ್ಥವಾಗಿಲ್ಲ.

ಅರ್ಥವಾದದ್ದು ಆಮೇಲಿನದ್ದು. ಯೇಸು ಬರುವಾಗ ಲಾಜರ ಸತ್ತು ನಾಲ್ಕು ದಿನ ಆಗಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಬದುಕಿಸಿ ಎಬ್ಬಿಸುತ್ತೇನೆ ಎಂದು ಯೇಸುವಿಗೆ ಗೊತ್ತು. ಗೊತ್ತಿದ್ದೂ ಮಾರ್ಥಳ ತಂಗಿ ಮರಿಯಳು ಅಳುವುದನ್ನು ಕಂಡು ಅವನೂ ಅತ್ತ. "ಸ್ವಲ್ಪ ತಡಿ, ಎಲ್ಲ ಸರಿಯಾಗುತ್ತದೆ" ಎಂದು ಅವಳಿಗೆ ಹೇಳಲಿಲ್ಲ. ಸಮಯ ಅವನದ್ದೇ ಕೈಯಲ್ಲಿತ್ತು, ಹೇಳಬಹುದಿತ್ತು. ನನ್ನ ಕೈಯಲ್ಲಿ ಒಂದು ಕೆಟ್ಟ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ, ನಾನು ಹೇಳಿದೆ. ಆ ಸೋಮವಾರ ನಾನು ಅಳಬೇಕಿತ್ತು ಮಗಾ. ನಿನ್ನ ಜೊತೆ ಫೋನಿನಲ್ಲಿ ಸುಮ್ಮನೆ ಅಳಬೇಕಿತ್ತು. ವಚನ ಹೇಳಿಬಿಟ್ಟೆ. ಕ್ಷಮಿಸು.

ಈಗ ಹಪ್ಪಳದ ಮನೆಯ ಆಂಟಿಗೆ ಬರುತ್ತೇನೆ.

ಲೋಟದ ಮಾತು ಆದ ಮೇಲೆ ನನಗೆ ಎದ್ದು ಬರಲಿಕ್ಕೆ ಆಗಲಿಲ್ಲ. ಕೇಳಿದೆ, ಕಾಯುವುದನ್ನು ನೀವು ಯಾವಾಗ ನಿಲ್ಲಿಸಿದಿರಿ ಎಂದು. ಇಂಥ ಪ್ರಶ್ನೆ ಕೇಳಬಾರದು, ಆದರೂ ಕೇಳಿದೆ. ಅವರು ಹಪ್ಪಳದ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದರು: "ಮಗುವಿಗೆ ಕಾಯುವುದು ನಲವತ್ತಾರಕ್ಕೆ ನಿಂತಿತು. ಅದು ನಾನು ನಿಲ್ಲಿಸಿದ್ದಲ್ಲ, ಮೈ ನಿಲ್ಲಿಸಿತು. ದೇವರಿಗೆ ಕಾಯುವುದು ನಿಂತಿಲ್ಲ. ಮೊದಲು ಎರಡೂ ಒಂದೇ ಅಂದುಕೊಂಡಿದ್ದೆ."

ನಾನು ಮನೆಗೆ ನಡೆದೇ ಬಂದೆ. ರಿಕ್ಷಾ ಹತ್ತಲಿಕ್ಕೆ ಮನಸ್ಸಾಗಲಿಲ್ಲ.

ನಾನೂ ಎರಡೂ ಒಂದೇ ಅಂದುಕೊಂಡಿದ್ದೆ. ದೇವರ ಸಮಯ ಅಂದರೆ ನನಗೆ ಬೇಕಾದ್ದು ಬಂದು ಬಾಗಿಲು ತಟ್ಟುವ ಹೊತ್ತು ಎಂದೇ ನನ್ನ ಲೆಕ್ಕ. ನೀನು ಬಂದಿದ್ದರಿಂದ ಆ ಲೆಕ್ಕ ಸರಿ ಎಂದು ಕಂಡಿತು. ತಮ್ಮ ಹೋದಾಗ ತಪ್ಪಿತು, ಆ ಪುಟವನ್ನು ಮಡಚಿಟ್ಟೆ. ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೇ ಅಧ್ಯಾಯವನ್ನು ನಾವು ಎಷ್ಟು ಜೋರಾಗಿ ಓದುತ್ತೇವೆ, ನಂಬಿಕೆಯಿಂದ ಇವರು ಹೀಗೆ, ನಂಬಿಕೆಯಿಂದ ಅವರು ಹಾಗೆ. ಕೊನೆಗೆ ಬರುವಾಗ ಸ್ವರ ಇಳಿಯುತ್ತದೆ. ವಾಗ್ದಾನ ಮಾಡಿದ್ದು ಅವರಲ್ಲಿ ಯಾರಿಗೂ ಸಿಗಲಿಲ್ಲ ಎಂದು ಅಲ್ಲೇ ಬರೆದುಂಟು. ಆದರೂ ಅವರನ್ನು ಪಟ್ಟಿಯಿಂದ ತೆಗೆದಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ, ಯಾರೂ ಸಿಗದಿದ್ದರೆ ಎಂಬುದಕ್ಕೆ, ನನ್ನ ಉತ್ತರ ಇಷ್ಟು. ಸಿಗದೇ ಇರಬಹುದು. ಇದನ್ನು ಬರೆಯಲಿಕ್ಕೆ ನನಗೆ ಕಷ್ಟವಾಗುತ್ತದೆ, ಮೊಮ್ಮಗುವಿನ ಆಸೆ ನನಗೂ ಉಂಟು, ಟ್ರಂಕಿನಲ್ಲಿ ನಿನ್ನ ಕುಲಾವಿ ಇನ್ನೂ ಇಟ್ಟಿದ್ದೇನೆ. ಆದರೆ ಸಿಗುತ್ತದೆ ಎಂದು ದೇವರ ಹೆಸರಿನಲ್ಲಿ ನಿನಗೆ ಮಾತು ಕೊಡಲಿಕ್ಕೆ ನನಗೆ ಅಧಿಕಾರ ಇಲ್ಲ. ಒಂದು ಸಲ ನನಗೆ ಹಾಗೆ ಮಾತು ಕೊಟ್ಟವರು ಏನು ಮಾಡಿದರು ಎಂದು ಮೇಲೆ ಬರೆದಿದ್ದೇನೆ. ನನ್ನ ಆಯುಷ್ಕಾಲ ನಿನ್ನ ಕೈಯಲ್ಲಿದೆ ಎಂದು ದಾವೀದ ಹೇಳಿದ. ಆ ಕೈಯಲ್ಲಿ ನನಗಾಗಿ ಏನೇನು ಉಂಟು ಎಂದು ಅವನು ಎಣಿಸಲಿಲ್ಲ. ಯಾರ ಕೈ ಎಂದು ಗೊತ್ತಿತ್ತು, ಅಷ್ಟೇ.

ನೀನು ನೈಟ್ ಡ್ಯೂಟಿ ಮಾಡುವವಳು. ನೂರ ಮೂವತ್ತನೇ ಕೀರ್ತನೆ ಓದು, ಚಿಕ್ಕದು, ಎಂಟೇ ವಚನ. ಕಾವಲುಗಾರರು ಬೆಳಗಾಗುವುದನ್ನು ಕಾಯುವುದಕ್ಕಿಂತ ಜಾಸ್ತಿ ನನ್ನ ಪ್ರಾಣ ಕರ್ತನಿಗೆ ಕಾಯುತ್ತದೆ ಅನ್ನುತ್ತಾನೆ. ಬೆಳಗಾಗುತ್ತದೆ ಎಂದು ಕಾವಲುಗಾರನಿಗೆ ಗೊತ್ತು. ಬೆಳಗಾದ ಮೇಲೆ ಏನು ಕಾಣುತ್ತದೆ ಎಂದು ಗೊತ್ತಿಲ್ಲ. ಮೂರು ಗಂಟೆಗೆ ವಾರ್ಡಿನಲ್ಲಿ ಕೂತು ಹೀಗೆ ಕಾಯುವುದು ಎಂತದ್ದು ಎಂದು ನಮ್ಮ ಮನೆಯಲ್ಲಿ ಸರಿಯಾಗಿ ಗೊತ್ತಿರುವುದು ನಿನಗೊಬ್ಬಳಿಗೇ. ಓದಿ ನನಗೆ ಹೇಳು, ನಾನು ಹೇಳಿದ್ದು ಸರಿಯಾ ಎಂದು.

ಇನ್ನೊಂದು ವಿಷಯ, ಸ್ವಲ್ಪ ಬೈಗುಳದ್ದು. ನೀನು ಚರ್ಚಿನ ಕಾಯರ್ ಬಿಟ್ಟಿದ್ದೀಯಂತೆ. ಅಳಿಯ ಅಪ್ಪನಿಗೆ ಹೇಳಿದನು, ಅವನ ಮೇಲೆ ಸಿಟ್ಟು ಮಾಡಬೇಡ. ಬೇಸಿಗೆಯಲ್ಲಿ ಟ್ಯೂಬಿಂಗನ್‌ಗೆ ಹೋಗಿ ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಇದ್ದ ಊರು ಎಂದು ಫೋಟೋ ಕಳಿಸಿದ್ದೆಯಲ್ಲ, ಅಪ್ಪ ಅದನ್ನು ಸ್ಟೇಟಸ್ ಹಾಕಿ ಎಲ್ಲರಿಗೂ ತೋರಿಸಿದರು. 1853ರಲ್ಲಿ ಇಪ್ಪತ್ತೊಂದು ವರ್ಷದ ಹುಡುಗ ಸುವಾರ್ತೆ ಸಾರಲಿಕ್ಕೆ ಎಂದು ಬಂದ. ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಕಾದರೆ ಫಲ ಎಂಬುದಕ್ಕೆ ಉದಾಹರಣೆಯಾಗಿ ಇದನ್ನೂ ಹೇಳುವವರಿದ್ದಾರೆ. ಅವರು ಎಲ್ಲಿ ಕಾದರು ಮಾರಾಯ್ತಿ? ಪಂಡಿತರ ಹತ್ತಿರ ಕೂತು ಪದ ಕೇಳಿದರು, ಹಳೆಗನ್ನಡ ಓಲೆಗರಿ ಓದಿದರು, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅಚ್ಚು ಹಾಕಿಸಿದರು, ಕನ್ನಡದಲ್ಲಿ ಕವಿತೆ ಬರೆದರು. ಅವತ್ತಿನ ಪದ ಅವತ್ತು. ನೀನು ಎರಡು ವರ್ಷದಿಂದ ಕಾಯುವುದನ್ನೇ ಕೆಲಸ ಮಾಡಿಕೊಂಡಿದ್ದೀಯ. ಹಾಡಬೇಕೆನಿಸದಿದ್ದರೆ ಬೇಡ. ಆದರೆ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಕ್ಕಾದರೂ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲು. ಸ್ವರ ಬರದಿದ್ದರೆ ಬಾಯಿ ಆಡಿಸು. ನಾನು ಆರು ತಿಂಗಳು ಹಾಗೆ ಮಾಡಿದವಳು, ಏನೂ ಆಗುವುದಿಲ್ಲ.

ನಾನು ಸಹ ಡಿಸೆಂಬರ್ ಕೂಟದಲ್ಲಿ ಸಾಕ್ಷಿ ಹೇಳಬೇಕಂತೆ, ಕೇಳಿದ್ದಾರೆ. ಈ ಸಲ ಮಾತ್ರೆಯದ್ದೂ ತಮ್ಮನದ್ದೂ ಸೇರಿಸಿ ಹೇಳುತ್ತೇನೆ. ಅಷ್ಟು ಹೇಳಿದರೆ ಯಾರಾದರೂ ಸ್ತೋತ್ರ ಅನ್ನುತ್ತಾರೋ ಇಲ್ಲವೋ ನೋಡಬೇಕು. ಆಂಟಿಗೆ ಹೇಳಿದ್ದೇನೆ, ಲೋಟ ನಾನು ತೊಳೆಯುತ್ತೇನೆ, ನೀವು ಕೂತುಕೊಳ್ಳಿ ಎಂದು.

ಹಪ್ಪಳ ಒಂದು ಕಟ್ಟು ಅವರೇ ನಿನಗೆ ಎಂದು ಕೊಟ್ಟಿದ್ದಾರೆ. ಜನವರಿಯಲ್ಲಿ ನಿನ್ನ ಗೆಳತಿ ಬರುವಾಗ ಕೊಟ್ಟು ಕಳಿಸುತ್ತೇನೆ. ನುಚ್ಚಾಗದ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಹಾಕುತ್ತೇನೆ, ಡಬ್ಬಿ ವಾಪಸ್ ಬೇಕು.

ಗಡಿಯಾರ ಸರಿ ಮಾಡಿದೆ. ಅಪ್ಪ ಸ್ಟೂಲ್ ಹಿಡಿದುಕೊಂಡರು. ಇಲ್ಲಿ ಈಗ ಬೆಳಿಗ್ಗೆ ಹತ್ತೂಮುಕ್ಕಾಲು. ನಿನ್ನಲ್ಲಿ ಆರೂಕಾಲು, ಕತ್ತಲೆ ಇರಬಹುದು. ನಾನು ಫೋನ್ ಮಾಡುವುದಿಲ್ಲ. ನಿದ್ದೆ ಮಾಡು. ಎದ್ದ ಮೇಲೆ, ನಿನಗೆ ಬೇಕೆನಿಸಿದಾಗ ನೀನೇ ಮಾಡು. ರಾತ್ರಿ ಎರಡಕ್ಕಾದರೂ ಸರಿ, ಎತ್ತುತ್ತೇನೆ.

ಅಮ್ಮ